ಪಿಆರ್‌ಐ ಲೈನಿನ (ಒಂದೇ ಜೋಡಣೆಯಲ್ಲಿ ಹಲವು ಕಾಲ್ ಒಯ್ಯುವ ಡಿಜಿಟಲ್ ಫೋನ್ ಲೈನ್) ದೀಪ ಹಸಿರು ಇದ್ದರೂ ಫ್ಯಾಕ್ಸ್ ಅರ್ಧಕ್ಕೇ ನಿಲ್ಲುತ್ತದೆ. ಯಾವ ಸೆಟ್ಟಿಂಗ್ ಬದಲಿಸಬೇಕು?

ಕಾರವಾರದ ನಿಮ್ಮ ಲಾಡ್ಜಿನಲ್ಲಿ ಕಾಲ್ ಬರುತ್ತದೆ, ಹೋಗುತ್ತದೆ, ಆದರೆ ನಡುನಡುವೆ ಟಿಕ್ ಅನ್ನುತ್ತದೆ, ಫ್ಯಾಕ್ಸ್ ಪೂರ್ತಿ ಹೋಗುವುದಿಲ್ಲ, ಲೈನ್ ಕೋಡ್ (ತಂತಿಯ ಮೇಲೆ ಬಿಟ್ ಕಳಿಸುವ ಕ್ರಮ) ಎಚ್‌ಡಿಬಿ3 ತೆಗೆದು ಎಎಂಐ ಹಾಕಿ ನೋಡಲಾ ಅಂತ ಕೇಳಿದ್ದೀರಿ. ಬೇಡ. ಅದನ್ನು ಮುಟ್ಟಲೇಬೇಡಿ. ನಾನು ಶಿರಸಿ ಕಡೆ ಸೊಸೈಟಿ, ಆಸ್ಪತ್ರೆಗಳ ಇಪಿಎಬಿಎಕ್ಸ್ (ಕಟ್ಟಡದೊಳಗಿನ ಫೋನ್ ಎಕ್ಸ್‌ಚೇಂಜ್) ನೋಡಿಕೊಳ್ಳುವವನು. ನೀವು ಹೇಳಿದ ಲಕ್ಷಣ ನೋಡಿದರೆ ನನ್ನ ಅನುಮಾನ ಕ್ಲಾಕ್ ಮೇಲೆ, ಅಂದರೆ ಬಿಟ್‌ಗಳು ಓಡುವ ತಾಳದ ಮೇಲೆ.

ನಮ್ಮಲ್ಲಿ ಪಿಆರ್‌ಐ ಬರುವುದು ಇ1 ಅನ್ನುವ ಲೈನಿನ ಮೇಲೆ. ಸೆಕೆಂಡಿಗೆ 2.048 ಮೆಗಾಬಿಟ್, ಒಟ್ಟು 32 ಟೈಮ್‌ಸ್ಲಾಟ್ (ಸರದಿಯ ಪಾಲು). ಈ 32ರ ಒಂದು ಸುತ್ತೇ ಫ್ರೇಮ್. 0ನೆಯದು ಫ್ರೇಮಿಂಗಿಗೆ (ಸುತ್ತು ಎಲ್ಲಿ ಶುರು ಅಂತ ಗುರುತಿಸಲು), 16ನೆಯದು ಸಿಗ್ನಲಿಂಗಿಗೆ (ಕಾಲ್ ಜೋಡಿಸುವ ಸೂಚನೆಗೆ), ಉಳಿದ 30 ಮಾತಿಗೆ. ಎರಡೂ ತುದಿ ಒಂದೇ ಕ್ಲಾಕ್ ಮೇಲೆ ಓಡಬೇಕು, ಅದು ಎಕ್ಸ್‌ಚೇಂಜಿನದೇ ಆಗಿರಬೇಕು. ಲೈನ್ ಸಿಕ್ಕಿಸಿದ ನಿಮ್ಮ ಕಾರ್ಡ್ ತನ್ನದೇ ಕ್ಲಾಕ್ ಹಿಡಿದು ಕೂತರೆ ಎರಡರ ನಡುವೆ ಸ್ವಲ್ಪ ವ್ಯತ್ಯಾಸ ಬಂದೇ ಬರುತ್ತದೆ. 10 ಲಕ್ಷಕ್ಕೆ 50ರಷ್ಟು ಹೆಚ್ಚುಕಡಿಮೆ ಆದರೂ ಸಾಕು, ಎರಡೂವರೆ ಸೆಕೆಂಡಿಗೊಮ್ಮೆ ಒಂದು ಫ್ರೇಮ್ ಜಾರುತ್ತದೆ. ಇದೇ ಸ್ಲಿಪ್. ಮಾತಾಡುವವರಿಗೆ ಅದು ಬರೀ ಟಿಕ್. ಫ್ಯಾಕ್ಸ್ ಮಾತ್ರ ತಡೆದುಕೊಳ್ಳುವುದಿಲ್ಲ. ಫ್ರೇಮಿಂಗ್ ಸರಿಯಾಗೇ ಇರುವುದರಿಂದ ದೀಪ ಹಸಿರಾಗಿಯೇ ಉರಿಯುತ್ತದೆ. ಅದಕ್ಕೇ ಜನ ಬೇರೆಲ್ಲ ತಿರುವಿ ನೋಡಿ ಸುಸ್ತಾಗುವುದು.

ನಿಮ್ಮದು ಆಸ್ಟರಿಸ್ಕ್ (ಕಂಪ್ಯೂಟರನ್ನೇ ಇಪಿಎಬಿಎಕ್ಸ್ ಮಾಡುವ ಸಾಫ್ಟ್‌ವೇರ್), ಕಾರ್ಡ್ ನಡೆಸುವುದು ಡಾಡಿ ಡ್ರೈವರ್ ಅಲ್ವಾ? ಡಾಡಿಯ ಸಿಸ್ಟಮ್ ಫೈಲಿನಲ್ಲಿ ಸ್ಪ್ಯಾನ್ (ಕಾರ್ಡಿನ ಒಂದೊಂದು ಪೋರ್ಟಿನ ಲೈನ್) ಸಾಲು ನೋಡಿ. ಮೊದಲ ಅಂಕಿ ಸ್ಪ್ಯಾನ್ ನಂಬರ್, ಎರಡನೆಯದು ಟೈಮಿಂಗ್. ಅಲ್ಲಿ 0 ಇದ್ದರೆ ಆ ಲೈನಿನಿಂದ ಕ್ಲಾಕ್ ತೆಗೆದುಕೊಳ್ಳಬೇಡ ಅಂತ. 1 ಮಾಡಿ. ಅದೇ ಕಾರ್ಡಿನ ಇನ್ನೊಂದು ಪೋರ್ಟಿಗೆ ಹಳೆಯ ಇಪಿಎಬಿಎಕ್ಸ್ ಸೇರಿಸಿದ್ದರೆ ಆ ಸ್ಪ್ಯಾನ್ 0 ಇರಲಿ. ಆ ಹಳೆಯ ಇಪಿಎಬಿಎಕ್ಸ್ ನಿಮ್ಮಿಂದ ಕ್ಲಾಕ್ ತೆಗೆದುಕೊಳ್ಳಬೇಕು, ನಿಮಗೆ ಕೊಡಬಾರದು. ಆಸ್ಟರಿಸ್ಕ್ ನಿಲ್ಲಿಸಿ, ಡಾಡಿ ಹೊಸದಾಗಿ ಲೋಡ್ ಮಾಡಿ.

ಅದೇ ಸಾಲಿನ ಸಿಸಿಎಸ್ (ಸಿಗ್ನಲಿಂಗಿನ ಬಗೆ), ಎಚ್‌ಡಿಬಿ3 ಹಾಗೇ ಇರಲಿ. ಸಿಆರ್‌ಸಿ4 (ಲೈನಿನಲ್ಲಿ ತಪ್ಪು ಪತ್ತೆಮಾಡುವ ಪರೀಕ್ಷೆ) ಮಾತ್ರ ಸುಮ್ನೆ ಊಹೆ ಮಾಡಬೇಡಿ. ಆನ್ ಇದೆಯೋ ಆಫ್ ಇದೆಯೋ ಎಕ್ಸ್‌ಚೇಂಜಿನವರನ್ನೇ ಕೇಳಿ, ಅವರು ಹೇಳಿದ ಹಾಗೇ ಇಡಿ.

ಇನ್ನೊಂದು ವಿಷಯ. ಸ್ಲಿಪ್ ಹೆಚ್ಚುಕಡಿಮೆ ಒಂದೇ ಲಯದಲ್ಲಿ ಬರುತ್ತದೆ. ಟಿಕ್ ಹೇಗೆಂದರೆ ಹಾಗೆ ಬರುತ್ತಿದ್ದರೆ, ಮಳೆ ಬಂದಾಗ ಜಾಸ್ತಿ ಆಗುತ್ತಿದ್ದರೆ, ಸಿಆರ್‌ಸಿ ಎರರ್ ಎಣಿಕೆಯೂ ಏರುತ್ತಿದ್ದರೆ ತಪ್ಪು ವೈರಿನದು. ನಿಮ್ಮ ಕಡಲ ಗಾಳಿಯ ಉಪ್ಪಿಗೆ ತಾಮ್ರ ಬೇಗ ಹಸಿರುಗಟ್ಟುತ್ತದೆ. ಡಬ್ಬಿ ತೆರೆದು ಜೋಡಣೆ ನೋಡಿ, ತಂತಿಗಳನ್ನು ಹೊಸದಾಗಿ ಪಂಚ್ ಮಾಡಿಸಿ (ಒತ್ತಿ ಕೂರಿಸಿ). ಕೇಬಲ್ ಬದಲಿಸುವಾಗ ಕಂಪ್ಯೂಟರಿನ ಕ್ರಾಸ್ ಕೇಬಲ್ ಹಾಕಬೇಡಿ. ಇ1ಕ್ಕೆ ಬೇಕಾದ ಜೋಡಿ ಪ್ಲಗ್ಗಿನ ಪಿನ್ 1-2 ಮತ್ತು 4-5.

ಆಗಲೂ ಸರಿಹೋಗದಿದ್ದರೆ ಒಂದು ಪ್ಲಗ್ಗಿನಲ್ಲಿ ಪಿನ್ 1ನ್ನು 4ಕ್ಕೆ, 2ನ್ನು 5ಕ್ಕೆ ಸೇರಿಸಿ ಕಾರ್ಡಿಗೆ ಹಾಕಿ, ಟೈಮಿಂಗ್ 0 ಮಾಡಿ ಸ್ವಲ್ಪ ಹೊತ್ತು ಬಿಡಿ. ಎರರ್ ಏರದಿದ್ದರೆ ಕಾರ್ಡ್ ಸರಿ ಇದೆ, ಲೈನಿನವರನ್ನು ಕರೆಸಿ. ಪ್ಲಗ್ ತೆಗೆದ ಮೇಲೆ ಟೈಮಿಂಗ್ ಮತ್ತೆ 1 ಮಾಡಿಬಿಡಿ.