ಜೀನ್ಸ್ ಮೇಲೆ ಹಾವೊರಿ ಹಾಕಿದರೆ ವೇಷದ ಹಾಗೆ ಕಾಣುತ್ತಾ?

ಜಪಾನಿಗೆ ಹೋದಾಗ ಅಲ್ಲಿನ ಹಳೆ ಕಾಲದ ಬಟ್ಟೆ ಒಂದೆರಡು ತರಬೇಕು, ದಿನಾ ಹಾಕುವ ಬಟ್ಟೆಯ ಜೊತೆಗೇ ಹಾಕಬೇಕು, ಆದರೆ ಫ್ಯಾನ್ಸಿ ಡ್ರೆಸ್ ಸ್ಪರ್ಧೆಗೆ ಹೊರಟ ಹಾಗೆ ಕಾಣಬಾರದು. ನೀವು ಕೇಳಿರುವುದು ಇದೇ ಅಲ್ವಾ? ಕ್ಯೋಟೊದಲ್ಲಿ ನಾಲ್ಕು ವರ್ಷ ಇದ್ದೆ, ಈ ಹುಚ್ಚು ನನಗೂ ಹತ್ತಿತ್ತು.

ಮೊದಲಿಗೆ ಕಿಮೊನೊ ಬಿಟ್ಟುಬಿಡಿ. ಒಳಗೊಂದು ಬಟ್ಟೆ, ಸೊಂಟಕ್ಕೆ ಓಬಿ ಅನ್ನುವ ಅಗಲ ಪಟ್ಟಿ, ಅದು ಜಾರದ ಹಾಗೆ ಕಟ್ಟೋಕೆ ದಾರಗಳು, ಸೀರೆ ಉಡುವುದೇ ಸಲೀಸು ಅನ್ನಿಸಿಬಿಡುತ್ತದೆ. ಹಾವೊರಿ ತಗೊಳ್ಳಿ. ಕಿಮೊನೊ ಮೇಲೆ ಹಾಕುವ ಕೋಟು ಅದು, ಮುಂದೆ ತೆರೆದೇ ಇರುತ್ತದೆ, ಎದೆಯ ಹತ್ತಿರ ಒಂದು ಸಣ್ಣ ಹುರಿ ಕಟ್ಟುತ್ತಾರೆ. ಹಳೆಯದರಲ್ಲಿ ಎಷ್ಟೋ ಸಲ ಆ ಹುರಿ ಕಳೆದೇ ಹೋಗಿರುತ್ತದೆ. ಹೋದರೆ ಹೋಗಲಿ, ಬಿಳಿ ಟೀ ಶರ್ಟು, ಜೀನ್ಸ್ ಮೇಲೆ ಹಾಗೇ ಬಿಟ್ಟರೂ ಚೆನ್ನಾಗಿರುತ್ತದೆ. ಮೈಮೇಲೆ ಜಪಾನಿನದು ಅಂತ ಒಂದೇ ಇರಲಿ. ಹಾವೊರಿ, ಕಾಲಿಗೆ ಗೆತಾ ಅನ್ನುವ ಮರದ ಚಪ್ಪಲಿ, ಕೈಯಲ್ಲಿ ಬಟ್ಟೆ ಚೀಲ ಎಲ್ಲಾ ಒಟ್ಟಿಗೆ ಸೇರಿದರೆ ನೀವು ಹೆದರುವ ವೇಷ ಅಲ್ಲೇ ತಯಾರು.

ಕ್ಯೋಟೊ ಕಡೆ ಹೋಗುವುದಾದರೆ ಪ್ರತಿ ತಿಂಗಳ 21ಕ್ಕೆ ತೋಜಿ ದೇವಸ್ಥಾನದಲ್ಲಿ, 25ಕ್ಕೆ ಕಿತಾನೊ ತೆನ್ಮಾನ್‌ಗು ದೇವಸ್ಥಾನದಲ್ಲಿ ಸಂತೆ ಸೇರುತ್ತದೆ. ಹಳೆ ಬಟ್ಟೆಯ ರಾಶಿಯೇ ಇರುತ್ತದೆ, ಕೆದಕಬೇಕು. ನನ್ನ ಮೊದಲ ಹಾವೊರಿ 1,000 ಯೆನ್‌ಗೆ ಸಿಕ್ಕಿದ್ದು ಹಾಗೇ. ಆದರೆ ತೋಳು ಮಣಿಕಟ್ಟಿಗಿಂತ ನಾಲ್ಕು ಬೆರಳು ಮೇಲೆ ನಿಂತಿತು. ಹಳೆಯವು ಹೀಗೆ ಗಿಡ್ಡ ಇರುವುದು ಜಾಸ್ತಿ, ಹಾಕಿ ನೋಡದೆ ತಗೋಬೇಡಿ. ಹೆಂಗಸರ ಹಾವೊರಿಯಲ್ಲಿ ಕಂಕುಳ ಕೆಳಗೆ ಬೇಕಂತಲೇ ಹೊಲಿಯದೆ ಬಿಟ್ಟಿರುತ್ತಾರೆ, ಹರಿದಿದೆ ಅಂದುಕೊಂಡು ಚೌಕಾಸಿ ಮಾಡಲು ಹೋಗಿ ನಗೆಪಾಟಲಾಗಿದ್ದೇನೆ. ಬೆನ್ನ ಮೇಲೆ ಸಣ್ಣ ಬಿಳಿ ಮುದ್ರೆ ಇದ್ದರೆ ಅದು ಮನೆತನದ ಗುರುತು, ಸಮಾರಂಭಕ್ಕೆ ಹಾಕುವಂಥದ್ದು. ನಾನಾದರೆ ಅದನ್ನು ಜೀನ್ಸ್ ಮೇಲೆ ಹಾಕುವುದಿಲ್ಲ.

ನೀರಿಗೆ ಮಾತ್ರ ಹಾಕಬೇಡಿ! ಕರ್ಪೂರದ ವಾಸನೆ ಹೋಗಲಿ ಅಂತ ನಾನು ಒಂದನ್ನು ಬಕೆಟ್‌ನಲ್ಲಿ ನೆನೆಸಿದೆ. ಚಿರಿಮೆನ್ ರೇಷ್ಮೆ ಅದು, ನೂಲನ್ನು ಬಿಗಿಯಾಗಿ ಹುರಿ ಮಾಡಿ ನೇಯ್ದಿರುತ್ತಾರೆ, ಒದ್ದೆಯಾದರೆ ಮುದುಡಿಕೊಳ್ಳುತ್ತದೆ. ಒಣಗಿದ ಮೇಲೆ ನೋಡಿದರೆ ಹೊರಬಟ್ಟೆ ಮೇಲಕ್ಕೆ ಹೋಗಿ, ಒಳಗಿನ ಲೈನಿಂಗ್ ಲಂಗದ ಹಾಗೆ ಕೆಳಗೆ ಇಣುಕುತ್ತಿತ್ತು. ವಾಸನೆ ಮಾತ್ರ ಹಾಗೇ ಇತ್ತು. ನೆರಳಲ್ಲಿ ಗಾಳಿಗೆ ನೇತುಹಾಕಿದರೆ ಸಾಕಿತ್ತು.

ಅಲ್ಲಿನವರು ಬೇಜಾರು ಮಾಡಿಕೊಳ್ಳುತ್ತಾರಾ ಅಂತಲೂ ಕೇಳಿದ್ದೀರಿ. ನನಗೆ ಯಾರೂ ಏನೂ ಅನ್ನಲಿಲ್ಲ. ಒಂದು ದಿನ ಬಸ್ ಸ್ಟಾಪಿನಲ್ಲಿ ಒಬ್ಬ ಅಜ್ಜಿ ನೇರ ನನ್ನ ಹತ್ತಿರ ಬಂದರು, ಬೈಸಿಕೊಳ್ಳುವುದು ಗ್ಯಾರಂಟಿ ಅಂದುಕೊಂಡೆ. ಅವರು ಹಿಂದೆ ಹೋಗಿ ಹಾವೊರಿಯ ಕಾಲರನ್ನು ಹೊರಕ್ಕೆ ಮಡಚಿ, ಒಂದು ಸಲ ತಟ್ಟಿ ಹೋದರು. ಅದು ಹಾಗೆ ಮಡಚಿಯೇ ಇರಬೇಕಂತೆ. ಬೆರೆಸಿ ಹಾಕುವುದು ಅವರಿಗೇನೂ ಹೊಸದಲ್ಲ ಬಿಡಿ. ಮೇಜಿ ಕಾಲದಲ್ಲೇ, ಅಂದರೆ ನೂರು ವರ್ಷಕ್ಕೂ ಹಿಂದೆಯೇ, ಓದುವ ಹುಡುಗಿಯರು ಹಾಕಾಮಾ (ಕಿಮೊನೊ ಮೇಲೆ ಸೊಂಟಕ್ಕೆ ಕಟ್ಟುವ ನೆರಿಗೆಯ ಲಂಗದಂಥದ್ದು) ಕೆಳಗೆ ಬೂಟು ಹಾಕುತ್ತಿದ್ದರು, ಈಗಲೂ ಮಾರ್ಚ್‌ನಲ್ಲಿ ಪದವಿ ಸಮಾರಂಭಕ್ಕೆ ಹೋಗುವವರ ಕಾಲು ನೋಡಿ. ಯುಕಾತಾ, ಅಂದರೆ ಬೇಸಿಗೆಯ ತೆಳು ಹತ್ತಿ ಕಿಮೊನೊ, ಹಾಕಿದರೆ ಒಂದು ನೆನಪಿರಲಿ: ಎಡಗಡೆಯ ಅಂಚು ಮೇಲೆ ಬರಬೇಕು. ಬಲಗಡೆಯದು ಮೇಲೆ ಬಂದರೆ ಅದು ಹೆಣಕ್ಕೆ ಉಡಿಸುವ ರೀತಿ.

ಓಬಿಯ ಮೇಲೆ ಕಟ್ಟುವ ಹೆಣೆದ ಹುರಿ ಇದೆಯಲ್ಲ, ಓಬಿಜಿಮೆ, ಅದನ್ನು ಕುರ್ತಾ ಮೇಲೆ ಸೊಂಟಕ್ಕೆ ಕಟ್ಟಿ ನೋಡಿ, ಸಖತ್ತಾಗಿರುತ್ತದೆ. ಹೆಬ್ಬೆರಳು ಬೇರೆ ಮಾಡಿದ ತಾಬಿ ಸಾಕ್ಸು ನಮ್ಮ ಚಪ್ಪಲಿಗೂ ಸರಿ, ಕಾಲುಂಗುರ ಇದ್ದರೆ ಸ್ವಲ್ಪ ಒತ್ತುತ್ತದೆ ಅಷ್ಟೇ.

ಇನ್ನೂ ಧೈರ್ಯ ಬರದಿದ್ದರೆ ತೆನುಗುಯಿಯಿಂದ ಶುರು ಮಾಡಿ. ಸುಮಾರು 35 ಸೆಂಟಿಮೀಟರ್ ಅಗಲ, 90 ಉದ್ದದ ತೆಳು ಹತ್ತಿ ಬಟ್ಟೆ, ಕುತ್ತಿಗೆಗೆ ಸುತ್ತಬಹುದು, ಕೂದಲಿಗೆ ಕಟ್ಟಬಹುದು. ಅಂಚು ಹೊಲಿದಿರುವುದಿಲ್ಲ. ಒಗೆದಾಗ ಎಳೆ ಬಿಟ್ಟುಕೊಳ್ಳುತ್ತದೆ, ಎಳೆಯಬೇಡಿ, ಕತ್ತರಿಯಲ್ಲಿ ಕತ್ತರಿಸಿ. ನಾಲ್ಕೈದು ಸಲ ಒಗೆದ ಮೇಲೆ ತಾನೇ ನಿಲ್ಲುತ್ತದೆ.