ತಲೆಗೆ ತಾಗಿದ್ದನ್ನೆಲ್ಲ ಬರೆದಿಡ್ತಿದ್ದವರು

ಗುರುತು ಸಿಗದ ಹಾಗೆ ವಿವರ ಬದಲಾಯಿಸಿದೀನಿ. ಭಯದ ಚಿಕಿತ್ಸೆಗೆ ಅಂತ ನನ್ನ ಹತ್ರ ಬಂದವರು, 30ರ ಆಸುಪಾಸಿನವರು, ಬಂದವರೇ ಒಂದು ನೋಟ್‌ಬುಕ್ ಟೇಬಲ್ ಮೇಲಿಟ್ರು. ಕಪಾಟಿನ ಬಾಗಿಲು ತಾಗಿದ್ದು, ಕಾರು ಹತ್ತೋವಾಗ ತಾಗಿದ್ದು, ಕುರ್ಚಿ ಮೇಲೆ ಧೊಪ್ಪಂತ ಕೂತಿದ್ದು, ಎಲ್ಲಕ್ಕೂ ತಾರೀಖು ಇದೆ. ಕೂತಿದ್ದಕ್ಕೂ!

ಬಾಕ್ಸರ್‌ಗಳಿಗೆ ಬರೋ ಸಿಟಿಇ, ಅಂದ್ರೆ ತಲೆಗೆ ಮತ್ತೆ ಮತ್ತೆ ಏಟು ಬಿದ್ದು ಮೆದುಳು ನಿಧಾನಕ್ಕೆ ಹಾಳಾಗೋ ಕಾಯಿಲೆ, ಅದರ ಬಗ್ಗೆ ಎಲ್ಲೋ ಓದಿದಾರೆ, ಅದು ಸತ್ತ ಮೇಲೆ ಮೆದುಳು ಪರೀಕ್ಷೆ ಮಾಡಿದ್ರೆ ಮಾತ್ರ ಖಚಿತ ಆಗೋದು ಅನ್ನೋ ಒಂದು ಸಾಲು ತಲೇಲಿ ಕೂತುಬಿಟ್ಟಿದೆ, ಯಾಕಂದ್ರೆ ಇಲ್ಲ ಅಂತ ಯಾರೂ ಸಾಬೀತು ಮಾಡೋಕಾಗಲ್ವಲ್ಲ. ಸ್ಕಿಪ್ಪಿಂಗ್ ನಿಂತೋಯ್ತು, ಮೆಟ್ಟಿಲು ಇಳಿಯೋದು ನಿಧಾನ, ಮೆದುಳು ಸರಿಯಿದ್ಯಾ ಅಂತ ದಿನಾ ರಾತ್ರಿ 100ರಿಂದ ಏಳೇಳು ಕಳೀತಾ ಹೋಗೋ ಪರೀಕ್ಷೆ. ಒಂದು ತಪ್ಪಿದ್ರೆ ನಿದ್ದೆ ಇಲ್ಲ, ನಿದ್ದೆ ಇಲ್ಲದ್ದಕ್ಕೆ ಬೆಳಿಗ್ಗೆ ತಲೆಭಾರ, ಆ ತಲೆಭಾರನೂ ನೋಟ್‌ಬುಕ್ಕಿಗೆ! ಹೆಂಡತಿ ಪಾಪ ಟಾರ್ಚ್ ಹಿಡ್ಕೊಂಡು ಕಣ್ಣು ನೋಡ್ಬೇಕು.

ನರರೋಗ ತಜ್ಞರು ನೋಡಿ ಏನೂ ತೊಂದ್ರೆ ಇಲ್ಲ ಅಂದಿದ್ರು, ಆ ರಿಪೋರ್ಟ್ ನೋಡಿದ ಮೇಲೇ ನಾನು ಚಿಕಿತ್ಸೆ ಶುರು ಮಾಡಿದ್ದು.

ಭಯಕ್ಕೆ ಬುಡವೇ ಇಲ್ಲ ಅಂತ ನಾನು ಹೇಳ್ಲಿಲ್ಲ. 1928ರಲ್ಲಿ ಮಾರ್ಟ್‌ಲ್ಯಾಂಡ್ ಅನ್ನೋ ವೈದ್ಯರು ಬಾಕ್ಸರ್‌ಗಳ ತೊದಲು, ತೂರಾಟದ ಬಗ್ಗೆ ಬರೆದಿದ್ರು, ಅಮೆರಿಕದ ಫುಟ್‌ಬಾಲ್ ಸಂಸ್ಥೆ 2015ರಲ್ಲಿ 10 ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳು ಚೆಂಡಿಗೆ ತಲೆ ಕೊಡೋದನ್ನ ನಿಲ್ಲಿಸ್ತು. ಆದ್ರೆ ಅಲ್ಲಿ ವರ್ಷಗಟ್ಲೆ ಬೀಳೋ ಜೋರು ಏಟು, ತಲೆಯನ್ನೇ ಗಿರಕ್ಕನೆ ತಿರುಗಿಸಿಬಿಡೋ ಏಟು. ಮೆದುಳು ದ್ರವದಲ್ಲಿ ತೇಲ್ತಿರುತ್ತೆ, ಓಡೋದು ಕೂರೋದು ತಡ್ಕೊಳೋಕೇ ಆ ಏರ್ಪಾಡು. ಇದನ್ನ ಒಂದೇ ಸಲ ಹೇಳಿದೆ. ಎರಡನೇ ಸಲ ಕೇಳಿದಾಗ ಹೇಳ್ಲಿಲ್ಲ, ಯಾಕಂದ್ರೆ ಸಮಾಧಾನದ ಮಾತೇ ಇವರಿಗೆ ಚಟ ಆಗಿತ್ತು.

ಕೊಟ್ಟ ಸಲಹೆ ಇಷ್ಟು. ಪ್ರಜ್ಞೆ ತಪ್ಪೋದು, ಮತ್ತೆ ಮತ್ತೆ ವಾಂತಿ, ಹೆಚ್ಚಾಗ್ತಾ ಹೋಗೋ ತಲೆನೋವು, ಗೊಂದಲ, ಫಿಟ್ಸ್, ಕೈಕಾಲು ಬಲ ಕಮ್ಮಿಯಾಗೋದು, ಏಟು ಬಿದ್ದ ಮೇಲೆ ಇವು ಬಂದ್ರೆ ನನಗೆ ಫೋನ್ ಬೇಡ, ಸೀದಾ ಆಸ್ಪತ್ರೆ. ಇವು ಇಲ್ಲದ ಸಣ್ಣಪುಟ್ಟ ತಾಗಿದ್ದನ್ನ ಬರೆಯೋ ಹಾಗಿಲ್ಲ. ರಾತ್ರಿ ಪರೀಕ್ಷೆ ಒಂದೇ ಸಲಕ್ಕೆ ಬಿಡಕ್ಕಾಗಲ್ಲ ಅಂದ್ರು, ಸರಿ ಅರ್ಧ ಗಂಟೆ ಮುಂದಕ್ಕೆ ಹಾಕಿ ಅಂದೆ, ಆಮೇಲೆ ಒಂದು ಗಂಟೆ, ಅಷ್ಟರಲ್ಲಿ ಎಷ್ಟೋ ದಿನ ನಿದ್ದೆನೇ ಬಂದುಬಿಡ್ತಿತ್ತು. ಸ್ಕಿಪ್ಪಿಂಗ್ ಹತ್ತರಿಂದ ಶುರು, ಮುಗಿದ ಮೇಲೆ ತಲೆ ಮುಟ್ಟಿ ನೋಡ್ಕೊಳೋ ಹಾಗಿಲ್ಲ. ಹೆಂಡತಿಗೆ ಹೇಳಿದ್ದು ಒಂದೇ, ಟಾರ್ಚ್ ಎತ್ತಿಡಿ.

ಮೊದಲ ಎರಡು ವಾರ ಭಯ ಜಾಸ್ತಿನೇ ಆಯ್ತು. ಆರನೇ ವಾರಕ್ಕೆ ಸ್ಕಿಪ್ಪಿಂಗ್ 80ಕ್ಕೆ ಬಂತು. ನೋಟ್‌ಬುಕ್ ನನ್ನ ಡ್ರಾಯರ್‌ನಲ್ಲಿದೆ, ವಾಪಸ್ ಕೇಳಿಲ್ಲ. ಆದ್ರೂ ಹೊರಡೋವಾಗ ಬಾಗಿಲ ಹತ್ರ ನಿಂತು "ಏನೂ ಆಗಲ್ಲ ಅಲ್ವಾ ಮೇಡಂ" ಅಂತಾರೆ, ನಾನು ಮುಂದಿನ ವಾರ ಯಾವ ದಿನ ಬರ್ತೀರಾ ಅಂತ ಕೇಳ್ತೀನಿ.