ಬಂದರಿನ ಜಗಳದಲ್ಲಿ ತಪ್ಪು ಯಾರದ್ದು?

ಪ್ರಶ್ನೆ: ಸರ್, ನಮ್ಮ ರೂಮಿನಲ್ಲಿ ಒಬ್ಬ ತಮಿಳು ಹುಡುಗ, ಒಬ್ಬ ಮಲಯಾಳಿ ಇದ್ದಾರೆ. ಕೇರಳದ ವಿಳಿಂಜಂ ಬಂದರಿನ ಮಾತು ಬಂದರೆ ಸಾಕು, ‘ನಮ್ಮ ಕೊಳಚ್ಚಲ್ ಬಂದರನ್ನು ನಿಮ್ಮವರೇ ಕೆಡಿಸಿದ್ದು’ ಅಂತ ತಮಿಳು ಹುಡುಗನ ಜಗಳ. ನಮ್ಮ ಕನ್ನಡದ ಹುಡುಗರು ‘ಮಂಗಳೂರಿಗೆ ಇಬ್ಬರೂ ಅಡ್ಡಗಾಲು’ ಅನ್ನುತ್ತಾರೆ. ತಪ್ಪು ಯಾರದ್ದು?
– ಓದುಗ, ದಾವಣಗೆರೆ

ಉತ್ತರ: ಭಾಷೆ ನೋಡಿ ಬೈಯೋದೇ ತಪ್ಪು ತಮ್ಮಾ. ಪೈಪೋಟಿ ಇದ್ದದ್ದು ನಿಜ, ಎರಡೂ ಜಾಗ ತೀರಾ ಹತ್ತಿರ ಅಲ್ವಾ. ಆದರೆ ತಮಿಳುನಾಡಿನ ಕೊಳಚ್ಚಲ್ ಪಕ್ಕದ ಇನಯಂನಲ್ಲಿ ಬಂದರು ಕಟ್ಟಲು 2016ರಲ್ಲಿ ಕೇಂದ್ರ ತಾತ್ವಿಕ ಒಪ್ಪಿಗೆ ಕೊಟ್ಟಾಗ ಬೀದಿಗಿಳಿದವರು ಕನ್ಯಾಕುಮಾರಿ ಜಿಲ್ಲೆಯ ಮೀನುಗಾರರೇ, ಮನೆ ಹೋಗುತ್ತೆ, ಮೀನು ಹೋಗುತ್ತೆ ಅನ್ನೋ ಭಯ ಅವರದ್ದು. ವಿಳಿಂಜಂನಲ್ಲೂ ಅಷ್ಟೇ. ದಡ ಕೊಚ್ಚಿಹೋಗುತ್ತಿದೆ ಅಂತ 2022ರಲ್ಲಿ ತಿಂಗಳುಗಟ್ಟಲೆ ಹೋರಾಡಿದವರು ಅಲ್ಲಿನ ಮಲಯಾಳಿ ಮೀನುಗಾರರು. ಎರಡು ಕಡೆಯ ಬಡವರ ಅಳಲು ಒಂದೇ, ನನಗೆ ಸಂಕಟ ಆಗೋದು ಇದಕ್ಕೆ.

ವಿಳಿಂಜಂ ಮುಂದೆ ಹೋಗಿದ್ದಕ್ಕೆ ಸಮುದ್ರವೂ ಕಾರಣ. ದಡದ ಹತ್ತಿರವೇ ಸುಮಾರು 18 ಮೀಟರ್ ಆಳ, ದೊಡ್ಡ ಹಡಗುಗಳ ಅಂತರರಾಷ್ಟ್ರೀಯ ದಾರಿ ಬರೀ 10 ನಾಟಿಕಲ್ ಮೈಲಿ ದೂರ. 2025ರ ಮೇ 2ರಂದು ಉದ್ಘಾಟನೆಯೂ ಆಯಿತು. ಇಷ್ಟು ವರ್ಷ ನಮ್ಮ ದೇಶದ ಕಂಟೈನರ್‌ಗಳು ಕೊಲಂಬೊ, ಸಿಂಗಾಪುರಕ್ಕೆ ಹೋಗಿ ಹಡಗು ಬದಲಿಸುತ್ತಿದ್ದವು. ನಿಜವಾದ ಪೈಪೋಟಿ ಆ ಬಂದರುಗಳ ಜೊತೆ.

ಇನ್ನು ಮಂಗಳೂರು. ನವಮಂಗಳೂರು ಬಂದರು 1975ರಿಂದ ಇದೆ. ದಾವಣಗೆರೆಯ ಸರಕಿಗೆ ಅಡ್ಡ ಇರೋದು ಘಟ್ಟ. ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಕುಸಿದರೆ ಲಾರಿಗಳು ನಿಂತಲ್ಲೇ ನಿಲ್ಲುತ್ತವೆ. ಕಾರವಾರದ ಕಡೆ ಹೋಗಬೇಕಾದ ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗ ಕಾಡಿನ ಪ್ರಶ್ನೆಯಲ್ಲಿ 20 ವರ್ಷಕ್ಕೂ ಜಾಸ್ತಿ ಸಿಕ್ಕಿಕೊಂಡಿದೆ. ಇದರಲ್ಲಿ ನಿಮ್ಮ ರೂಮಿನ ಆ ಇಬ್ಬರು ಹುಡುಗರ ಕೈವಾಡ ಏನೂ ಇಲ್ಲ.